ಕಾಣದ ಕೇಡಿಗೊಂದು ಹೆಸರು

ಪ್ರಶ್ನೆ: ಶರಾವತಿ ಹಿನ್ನೀರಿನ ಅಂಚಿನ ಒಂದು ಕಲ್ಪಿತ ಊರಿನ ಕಾದಂಬರಿ ಬರೆಯುತ್ತಿದ್ದೇನೆ. ಕೆಲವು ವರ್ಷಗಳಿಗೊಮ್ಮೆ ಊರಿನವರೊಬ್ಬರು ಕಾಣೆಯಾಗುತ್ತಾರೆ. ಇದರ ಹಿಂದೆ ಒಂದು ಪರಮ ದುಷ್ಟಶಕ್ತಿ ಇದೆ, ಆದರೆ ಅದು ಎಲ್ಲೂ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೆ ‘ಮಹಾತಿಮಿರ’ ಎಂದು ಹೆಸರಿಟ್ಟಿದ್ದೆ. ಕರಡು ಓದಿದ ಗೆಳತಿ ‘ಸೀರಿಯಲ್ ಹೆಸರಿನ ಹಾಗಿದೆ, ಹೆದರಿಕೆಯೇ ಆಗಲ್ಲ’ ಅಂದಳು. ಕಾಣದ್ದನ್ನು ಎಷ್ಟು ವಿವರಿಸಬೇಕು? ಹೆಸರು ಹೇಗಿಡಬೇಕು? ಕೊನೆಗಾದರೂ ಅದನ್ನು ತೋರಿಸಬೇಕೇ?

ಉತ್ತರ: ನಿಮ್ಮ ಗೆಳತಿ ಹೇಳಿದ್ದು ಸರಿ, ಆದರೆ ತಪ್ಪು ಸೀರಿಯಲ್‌ನದಲ್ಲ. ಹಿನ್ನೀರಿನ ಊರಿನಲ್ಲಿ ಅಡಿಕೆ ಸುಲಿಯುತ್ತ ಕೂತ ಅಜ್ಜಿಯ ಬಾಯಲ್ಲಿ ‘ಮಹಾತಿಮಿರ’ ಅನ್ನಿಸಿ ನೋಡಿ. ಅವಳು ಅನ್ನಲಾರಳು. ಆ ಹೆಸರಿಟ್ಟವರು ಊರಿನವರಲ್ಲ, ನೀವು. ಅದಕ್ಕೇ ಅದು ಊರೊಳಗೆ ಇಳಿಯುವುದಿಲ್ಲ. ಕೇಡಿನ ಹೆಸರು ಕೇಡಿನ ಸ್ವತ್ತಲ್ಲ, ಅದಕ್ಕೆ ಹೆದರಿದವರದ್ದು. ಆದರೂ ಹೆಸರಿನ ಕೆಲಸ ಎರಡನೆಯದು. ಕೇಡು ಎಂಥದ್ದು ಎಂದು ಗಟ್ಟಿಯಾಗುವ ಮೊದಲೇ ಹೆಸರು ಹುಡುಕಲು ಕೂತರೆ ನಿಘಂಟಿನಲ್ಲಿ ಕತ್ತಲೆಗಿರುವ ಪರ್ಯಾಯ ಪದಗಳಷ್ಟೇ ಕೈಗೆ ಸಿಗುತ್ತವೆ.

ಕಾಣದ ಕೇಡನ್ನು ವಿಶೇಷಣಗಳಿಂದ ಕಟ್ಟಲು ಬರುವುದಿಲ್ಲ. ‘ಅಗಾಧ’, ‘ಅನಾದಿ’, ‘ವರ್ಣನೆಗೆ ನಿಲುಕದ’ ಎಂದಾಗ ಓದುಗರ ಮನಸ್ಸಿನಲ್ಲಿ ಏನೂ ಮೂಡುವುದಿಲ್ಲ. ಅದನ್ನು ನಿಯಮಗಳಿಂದ ಕಟ್ಟಬೇಕು: ಅದು ಏನು ಮಾಡಲಾರದು, ಯಾರ ಒಪ್ಪಿಗೆಯಿಲ್ಲದೆ ಒಳಗೆ ಬರಲಾರದು, ಯಾವ ಮಾತಿಗೆ ಕಟ್ಟುಬೀಳುತ್ತದೆ. ಇದಕ್ಕೆ ನಮ್ಮಲ್ಲೇ ಒಂದು ಅಚ್ಚುಕಟ್ಟಾದ ನಿದರ್ಶನವಿದೆ. 1990ರ ದಶಕದಲ್ಲಿ ಬೆಂಗಳೂರಿನ ಬಡಾವಣೆಗಳಲ್ಲೂ ಹಳ್ಳಿಗಳಲ್ಲೂ ಮನೆಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿರುತ್ತಿದ್ದರು. ರಾತ್ರಿ ಏನೋ ಬಂದು ಬಾಗಿಲು ತಟ್ಟುತ್ತದೆ, ನಿಮ್ಮವರದ್ದೇ ದನಿಯಲ್ಲಿ ನಿಮ್ಮ ಹೆಸರು ಹಿಡಿದು ಕರೆಯುತ್ತದೆ, ಓಗೊಟ್ಟರೆ ಸಾವು. ಬಾಗಿಲ ಬರಹ ಓದಿದರೆ ತಿರುಗಿ ಹೋಗುತ್ತದೆ, ಮರುದಿನ ಬರುತ್ತದೆ, ಮತ್ತೆ ಅದನ್ನೇ ಓದುತ್ತದೆ.

ಅದರ ಮುಖ ಹೇಗಿದೆ, ಎಲ್ಲಿಂದ ಬಂತು, ಯಾಕೆ ಕೊಲ್ಲುತ್ತದೆ ಎಂಬುದು ವದಂತಿಗೆ ಬೇಕಾಗಲೇ ಇಲ್ಲ. ಆದರೆ ನಿಯಮಗಳನ್ನು ಎಣಿಸಿ. ಹೊಸಿಲಾಚೆ ನಿಂತು ಕರೆಯಬೇಕು. ದನಿ ಕದಿಯಬಲ್ಲದು. ಒಳಗಿನವರ ಉತ್ತರ ಬೇಕು. ಬರೆದ ಮಾತನ್ನು ಮೀರಲಾರದು. ನಿನ್ನೆಯದು ನೆನಪಿಲ್ಲ. ಕನ್ನಡ ಓದಲು ಬರುತ್ತದೆ (ಈ ಕೊನೆಯದನ್ನು ಯೋಚಿಸಿದಷ್ಟೂ ನಗುವೂ ಬರುತ್ತದೆ, ಮೈಯೂ ಜುಮ್ಮೆನ್ನುತ್ತದೆ). ಆರು ನಿಯಮಗಳು, ಒಂದೂ ವಿಶೇಷಣವಿಲ್ಲ. ಅದಕ್ಕೊಂದು ಸರಿಯಾದ ಹೆಸರೂ ಇರಲಿಲ್ಲ. ಅದನ್ನು ಓಡಿಸುವ ಮಾತೇ ಅದರ ಹೆಸರಾಯಿತು.

ಮಹಾಭಾರತದ ವನಪರ್ವದಲ್ಲಿ ಬರುವ ನಳನ ಕಥೆಯಲ್ಲಿ, ಕನಕದಾಸರ ‘ನಳಚರಿತ್ರೆ’ಯಿಂದ ಕನ್ನಡದವರಿಗೆ ಹೆಚ್ಚು ಪರಿಚಿತವಾದ ಆ ಕಥೆಯಲ್ಲಿ, ಕಲಿಯುಗದ ಕೇಡಿನ ರೂಪವಾದ ಕಲಿಯ ಕೆಲಸ ಇದಕ್ಕಿಂತ ನಾಜೂಕಿನದು. ದಮಯಂತಿ ನಳನನ್ನು ವರಿಸಿದಳೆಂದು ಕಲಿಗೆ ಸಿಟ್ಟು. ಆದರೆ ನೇರವಾಗಿ ಹೊಕ್ಕಲಾರ. ಹನ್ನೆರಡನೆಯ ವರ್ಷದವರೆಗೆ ಕಾಯುತ್ತಾನೆ. ಒಂದು ಸಂಜೆ ನಳ ಮೂತ್ರ ಮಾಡಿ, ಕಾಲು ತೊಳೆಯದೆ ಸಂಧ್ಯಾವಂದನೆಗೆ ನಿಲ್ಲುತ್ತಾನೆ. ಅಷ್ಟೇ ಸಾಕು. ಪರಮ ಕೇಡು ಒಳಗೆ ಬಂದದ್ದು ಒದ್ದೆಯಾಗದ ಹಿಮ್ಮಡಿಯ ದಾರಿಯಲ್ಲಿ. ಹೊರಗೆ ಹೋಗುವಾಗಲೂ ನಿಯಮವಿದೆ: ನಳ ಋತುಪರ್ಣ ರಾಜನಿಂದ ಅಕ್ಷಹೃದಯ, ಅಂದರೆ ದಾಳದ ಗುಟ್ಟು, ಕಲಿತ ಕ್ಷಣ, ತನ್ನನ್ನು ಕಚ್ಚಿದ್ದ ನಾಗ ಕಾರ್ಕೋಟಕನ ವಿಷ ಕಾರುತ್ತ ಕಲಿ ಅವನ ಮೈಯಿಂದ ಈಚೆ ಬರುತ್ತಾನೆ, ನಳನ ಜೊತೆ ಮಾತಾಡುತ್ತಾನೆ, ಪಕ್ಕದಲ್ಲಿದ್ದ ಉಳಿದವರಿಗೆ ಕಾಣಿಸುವುದೇ ಇಲ್ಲ, ಆಮೇಲೆ ತಾರೆಮರವನ್ನು ಹೊಗುತ್ತಾನೆ. ಹಳೆಯ ಕಾಲದಲ್ಲಿ ಜೂಜಿಗೆ ದಾಳವಾಗುತ್ತಿದ್ದುದು ಅದೇ ಮರದ ಕಾಯಿ. ಜೂಜಿನಿಂದ ಹಾಳಾದವನ ಮೈ ಬಿಟ್ಟು ಕೇಡು ಜೂಜಿನ ಕಾಯಿಯ ಮರಕ್ಕೆ ಹೋಯಿತು. ಬಂದ ಬಾಗಿಲು, ಕಾದ ಕಾಲ, ಬಿಟ್ಟುಹೋದ ಕುರುಹು, ಮೂರೂ ಮುಟ್ಟಿ ನೋಡಬಹುದಾದವು.

ಭಾಗವತದ ಪರೀಕ್ಷಿತ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕಲಿಗೆ ವಿಳಾಸವನ್ನೇ ಬರೆದುಕೊಡುತ್ತಾನೆ: ಜೂಜು, ಕುಡಿತ, ಸ್ತ್ರೀಸಂಗ, ಪ್ರಾಣಿವಧೆ, ಮತ್ತೆ ಬೇಡಿದಾಗ ಚಿನ್ನ. ವಿಳಾಸವಿರುವ ಕೇಡನ್ನು ಓದುಗರು ತಾವೇ ಹುಡುಕತೊಡಗುತ್ತಾರೆ. ನಿಮ್ಮ ಕೆಲಸ ಅರ್ಧ ಮುಗಿದ ಹಾಗೆ.

ಈಗ ನಿಮ್ಮ ಊರಿಗೆ ಬನ್ನಿ. ಒಂದು ಹಾಳೆ ತೆಗೆದುಕೊಳ್ಳಿ, ಒಂದೇ ಹಾಳೆ. ಅದು ಬಯಸುವುದು ಏನು, ಒಂದು ವಾಕ್ಯ. ಅದಕ್ಕೆ ಆಗದ್ದು ಏನು, ಮೂರು ವಾಕ್ಯ. ಈ ಭಾಗವೇ ದೊಡ್ಡದಿರಬೇಕು. ಒಳಗೆ ಬರುವ ಬಾಗಿಲು ಯಾವುದು, ಬಿಟ್ಟುಹೋಗುವ ಕುರುಹು ಯಾವುದು, ಒಂದೊಂದು ವಾಕ್ಯ. ಲಿಂಗನಮಕ್ಕಿ ಅಣೆಕಟ್ಟೆಯ ಪೂರ್ಣ ಮಟ್ಟ 1819 ಅಡಿ. ಎಲ್ಲ ವರ್ಷವೂ ನೀರು ಅಲ್ಲಿಗೆ ಮುಟ್ಟುವುದಿಲ್ಲ. ‘ನೀರು 1819 ಮುಟ್ಟಿದ ವರ್ಷ ಮಾತ್ರ’ ಎಂಬುದನ್ನೇ ನಿಯಮ ಮಾಡಿದರೆ, ‘ಕೆಲವು ವರ್ಷಗಳಿಗೊಮ್ಮೆ’ ಎಂಬ ನಿಮ್ಮ ಸಡಿಲ ಮಾತಿಗೆ ಬೆನ್ನೆಲುಬು ಬರುತ್ತದೆ. ಆಗ ಮಳೆ ಜೋರಾದ ಆಗಸ್ಟ್‌ನಲ್ಲಿ ಯಾರೋ ರೇಡಿಯೊದಲ್ಲಿ ಜಲಾಶಯದ ಮಟ್ಟ ಕೇಳುವುದೇ ಭಯದ ದೃಶ್ಯವಾಗುತ್ತದೆ. 1816, 1817. ದೆವ್ವದ ಸುಳಿವೂ ಬೇಡ.

ಬೇಸಿಗೆಯಲ್ಲಿ ನೀರು ತೀರ ಇಳಿದಾಗ ಮುಳುಗಿಹೋದ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೇಲೆ ಕಾಣಿಸಿಕೊಳ್ಳುವುದೂ ನಿಮಗೆ ಗೊತ್ತಿರುತ್ತದೆ. ನೀರಿನಡಿಯಲ್ಲಿ ಇನ್ನೊಂದು ಅಣೆಕಟ್ಟು! ಇಂಥ ವಾಸ್ತವ ಸಿಕ್ಕಮೇಲೂ ಅನಾದಿ ಕತ್ತಲೆಯ ಮೊರೆಹೋಗುವುದು ನನಗಂತೂ ಅರ್ಥವಾಗದು. ಒಂದು ಎಚ್ಚರಿಕೆ ಮಾತ್ರ: ಅಲ್ಲಿ ಮನೆಮಠ ಕಳೆದುಕೊಂಡ ಕುಟುಂಬಗಳು ನಿಜವಾದವು. ಅವರ ಮುಳುಗಡೆಯನ್ನು ‘ಶಾಪ’ ಎಂದು ಕರೆದು ಕೇಡಿನ ಲೆಕ್ಕಕ್ಕೆ ಬರೆದುಬಿಟ್ಟರೆ, ಊರು ಮುಳುಗಿಸಿದ ಮನುಷ್ಯರ ತೀರ್ಮಾನ ಕಥೆಯಿಂದ ಮಾಯವಾಗುತ್ತದೆ.

‘ಆಗದ್ದು’ ಯಾಕೆ ದೊಡ್ಡದಿರಬೇಕು? ಎಲ್ಲ ಆಗುವ ಕೇಡು ಇಷ್ಟು ದಿನ ಯಾಕೆ ಗೆದ್ದಿಲ್ಲ ಎಂದು ಐವತ್ತನೆಯ ಪುಟದೊಳಗೆ ಓದುಗರು ಕೇಳುತ್ತಾರೆ. ನಿಮ್ಮಲ್ಲಿ ಉತ್ತರವಿರದಿದ್ದರೆ ಕೊನೆಯ ಅಧ್ಯಾಯದಲ್ಲಿ ಒಂದು ತಾಯತ ಹುಟ್ಟಿಕೊಳ್ಳುತ್ತದೆ. ಈ ತಾಯತದ ಕೊನೆ ಬಹುಪಾಲು ಮೊದಲ ಕಾದಂಬರಿಗಳ ಕಾಯಿಲೆ.

ಹೆಸರಿಗೆ ಹೋಗುವ ಮೊದಲು ಇನ್ನೊಂದನ್ನು ತೀರ್ಮಾನಿಸಿ. ನಿಮ್ಮ ಕೇಡು ಇರುವಂಥದ್ದೋ, ಇಲ್ಲದಿರುವುದೋ? ವೇದದ ಎರಡು ಹೆಸರುಗಳನ್ನು ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ತಿಳಿಯುತ್ತದೆ. ವೃತ್ರ ಎಂದರೆ ಮುಚ್ಚುವವನು, ತಡೆಯುವವನು. ‘ವೃ’ ಧಾತುವಿನಿಂದ ಬಂದದ್ದು. ಅವನು ನೀರನ್ನು ತಡೆದು ಮಲಗಿದ್ದಾನೆ (ಅಣೆಕಟ್ಟಿನ ಕಥೆ ಬರೆಯುವವರಿಗೆ ಇದು ಚೆನ್ನಾಗಿ ಕಚಗುಳಿಯಿಡಬೇಕು). ನಿರ್ಋತಿ ಎಂಬುದು ಬೇರೆ ಜಾತಿಯದು, ಋತ, ಅಂದರೆ ಲೋಕದ ಕ್ರಮ, ತಪ್ಪಿದ ಸ್ಥಿತಿ, ಅಳಿವು. ನಾವು ದಿನವೂ ಹೇಳುವ ನೈಋತ್ಯ ದಿಕ್ಕು ಆ ಹೆಸರಿನ ದೇವತೆಯದ್ದೇ. ವೃತ್ರನಂಥದ್ದಕ್ಕೆ ಆಸೆಯಿದೆ, ಮೈಯಿದೆ, ಅದರೊಡನೆ ಕಾದಾಡಬಹುದು. ನಿರ್ಋತಿಯಂಥದ್ದರೊಡನೆ ಕಾದಾಡಲಾಗದು, ಅದು ಬಂದಲ್ಲಿ ವಸ್ತುಗಳು ತಮ್ಮ ಸ್ವಭಾವ ಬಿಡುತ್ತವೆ: ಹಾಲು ಹೆಪ್ಪುಗಟ್ಟುವುದಿಲ್ಲ, ನಾಯಿ ಬೊಗಳುವುದಿಲ್ಲ, ತಾಯಿಗೆ ಮಗುವಿನ ಹೆಸರು ಮರೆಯುತ್ತದೆ. ಮೊದಲರ್ಧದಲ್ಲಿ ನಿರ್ಋತಿಯನ್ನು ತೋರಿಸಿ ಕೊನೆಗೆ ವೃತ್ರನ ಹಾಗೆ ಕೊಂದರೆ ಮೋಸವಾಯಿತೆಂದು ಓದುಗರಿಗೆ ಅನಿಸುವುದು ಖಂಡಿತ, ಯಾಕೆಂದು ಅವರಿಗೆ ಹೇಳಲು ಬರದಿದ್ದರೂ. ವೃತ್ರ, ನಿರ್ಋತಿ, ‘ಬಿಡದವನು’ ಎಂದು ಅರ್ಥ ಹೇಳುವ ನಮುಚಿ, ಈ ಮೂರೂ ಹೆಸರುಗಳು ಅವರವರ ಕೆಲಸದಿಂದ ಬಂದವು, ಬಣ್ಣದಿಂದಲ್ಲ ಎಂಬುದನ್ನೂ ಗಮನಿಸಿ.

ಈಗ ಹೆಸರು. ಇಲ್ಲಿ ಕನ್ನಡದ ವ್ಯಾಕರಣವೇ ನಿಮಗೆ ಗೆಳೆಯನೂ ಹೌದು, ಶತ್ರುವೂ ಹೌದು. ಇಂಗ್ಲಿಷಿನಲ್ಲಿ ಸಾಮಾನ್ಯ ಪದದ ಮೊದಲಕ್ಷರವನ್ನು ದೊಡ್ಡದು ಮಾಡಿದರೆ ಅದೇ ಒಂದು ಘನ ಹೆಸರಾಗುತ್ತದೆ. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರವಿಲ್ಲ. ಅಲ್ಲಿಯ ಪುಸ್ತಕಗಳನ್ನು ಓದಿ ಬಂದ ಲೇಖಕರು ಆ ಕೊರತೆ ತುಂಬಲು ‘ಮಹಾ’ ಸೇರಿಸುತ್ತಾರೆ, ಇಲ್ಲವೇ ಉದ್ಧರಣ ಚಿಹ್ನೆ ಹಾಕುತ್ತಾರೆ. ನಿಮ್ಮ ‘ಮಹಾ’ ಬಂದದ್ದೂ ಅಲ್ಲಿಂದಲೇ ಎಂದು ನನ್ನ ಗುಮಾನಿ.

ಎರಡನೆಯ ತೊಡಕು ಲಿಂಗ. ‘ತಿಮಿರ’ದ ಹಾಗೆ ಅಕಾರದಲ್ಲಿ ಕೊನೆಯಾಗುವ ಹೆಸರು ವಿಭಕ್ತಿ ಹಚ್ಚಿದ ತಕ್ಷಣ ಗುಟ್ಟು ಬಿಟ್ಟುಕೊಡುತ್ತದೆ. ಮಹಾತಿಮಿರನಿಗೆ ಎಂದರೆ ಗಂಡಾಳು, ಮೀಸೆಯೂ ಬಂತು. ಮಹಾತಿಮಿರಕ್ಕೆ ಎಂದರೆ ವಸ್ತು, ಮರದ ಹಾಗೆ. ನಿಮ್ಮ ಕರಡಿನಲ್ಲಿ ಹುಡುಕಿ ನೋಡಿ, ಎರಡೂ ರೂಪ ಬೆರೆತಿರಬಹುದು. ಇಕಾರ, ಎಕಾರ, ಉಕಾರದಲ್ಲಿ ಕೊನೆಯಾಗುವ ಹೆಸರಿಗೆ ಈ ಕಾಟವಿಲ್ಲ: ನಮುಚಿಗೆ, ನಮುಚಿಯನ್ನು, ನಮುಚಿಯಿಂದ. ಗಂಡೋ ಹೆಣ್ಣೋ ವಸ್ತುವೋ ಇನ್ನೂರು ಪುಟ ಗುಟ್ಟಾಗಿಡಬಹುದು.

ಕ್ರಿಯಾಪದ ಮಾತ್ರ ಬಿಡುವುದಿಲ್ಲ: ಬಂದ, ಬಂದಳು, ಬಂತು. ಅದಕ್ಕೂ ದಾರಿಯಿದೆ. ‘ಬಂದಾಗ’, ‘ಬಂದರೆ’, ‘ಬಂದ ಮೇಲೆ’ ಎಂಬ ರೂಪಗಳಲ್ಲಿ ಲಿಂಗವಿಲ್ಲ. ನಿಷೇಧದಲ್ಲೂ ಇಲ್ಲ: ಬರಲಿಲ್ಲ, ಕೇಳಲಿಲ್ಲ, ಬಿಡಲಿಲ್ಲ. ಕನ್ನಡದಲ್ಲಿ ‘ಇಲ್ಲ’ ಎಂದಾಗ ಯಾರು ಎಂಬುದೇ ಅಳಿಸಿಹೋಗುತ್ತದೆ. ಕಾಣದ್ದರ ಬಗ್ಗೆ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಉಡುಗೊರೆ ಸಿಗಲಿಕ್ಕಿಲ್ಲ. ಇನ್ನೊಂದು ಉಡುಗೊರೆ ‘ಅಂತೆ’. ‘ಬಾವಿಕಟ್ಟೆ ಹತ್ತಿರ ನಿಂತಿತ್ತಂತೆ’ ಎಂದವರು ಕಂಡಿಲ್ಲ, ಕೇಳಿದ್ದಾರೆ. ಕೇಡಿನ ಕುರಿತ ಪ್ರತಿ ಮಾತೂ ‘ಅಂತೆ’ಯಲ್ಲೇ ಬರಲಿ. ಒಬ್ಬ ಪಾತ್ರ ಒಂದೇ ಒಂದು ಸಲ ಅದನ್ನು ಬಿಟ್ಟು ‘ನಿಂತಿತ್ತು’ ಎಂದಾಗ, ಇವನು ಕಂಡಿದ್ದಾನೆ ಎಂದು ನೀವು ಹೇಳಬೇಕಾಗಿಯೇ ಇಲ್ಲ.

ಗೌರವದ ಬಹುವಚನ ಇನ್ನೂ ಹರಿತ. ‘ಕತ್ತಲೆ ಬಂತು’ ಎಂದರೆ ಸಂಜೆಯಾಯಿತು. ‘ಕತ್ತಲೆ ಬಂದರು’ ಎಂದು ಯಾರಾದರೂ ಮೆಲ್ಲಗೆ ಹೇಳಿದರೆ? ದೊಡ್ಡಕ್ಷರ ಮಾಡಲಾಗದ ಕೆಲಸವನ್ನು ಒಂದು ‘ರು’ ಮಾಡಿತು. ಇದು ಹೊಸ ಚಮತ್ಕಾರವೂ ಅಲ್ಲ. ಸಿಡುಬು ಎದ್ದ ಮನೆಯಲ್ಲಿ ‘ಅಮ್ಮ ಬಂದಿದ್ದಾಳೆ’ ಎನ್ನುತ್ತಿದ್ದರು; ಸಿಡುಬು ಜಗತ್ತಿನಿಂದಲೇ ತೊಲಗಿತೆಂದು 1980ರಲ್ಲಿ ಘೋಷಣೆಯಾದ ಮೇಲೂ ಸೀತಾಳೆಸಿಡುಬಿಗೆ ಅದೇ ಮಾತು ಉಳಿದಿದೆ. ರಾತ್ರಿ ಹೊತ್ತು ಹಾವನ್ನು ಹಾವೆನ್ನದೆ ‘ಹುಳ’ ಎನ್ನುತ್ತಾರೆ, ಕಚ್ಚಿತು ಎನ್ನದೆ ‘ಮುಟ್ಟಿತು’ ಎನ್ನುತ್ತಾರೆ. ಶನಿಗೆ ‘ಮಹಾತ್ಮ’ ಎಂಬ ಬಿರುದು. ಹೆದರಿದ ಜನ ಎರಡೇ ಕಡೆ ಓಡುತ್ತಾರೆ: ಒಂದೋ ಹೆಸರನ್ನು ಚಿಕ್ಕದು ಮಾಡುತ್ತಾರೆ, ಇಲ್ಲವೇ ಪೂಜೆ ಮಾಡಿ ಎತ್ತರಕ್ಕೆ ಏರಿಸುತ್ತಾರೆ. ಗ್ರೀಕರು ಸೇಡಿನ ದೇವತೆಗಳನ್ನು ‘ದಯಾಳುಗಳು’ ಎಂದು ಕರೆದದ್ದೂ, ಸ್ಲಾವ್ ಜನ ಕರಡಿಯ ಮೂಲ ಹೆಸರನ್ನೇ ಬಿಟ್ಟು ‘ಜೇನು ತಿನ್ನುವವನು’ ಎಂದದ್ದೂ ಇದೇ ಜಾಡು. ಪಾರ್ಸಿಗಳ ಪಹ್ಲವಿ ಭಾಷೆಯ ಹಸ್ತಪ್ರತಿಗಳಲ್ಲಿ ಅವರ ಕೇಡಿನ ಶಕ್ತಿಯಾದ ಅಹ್ರಿಮನ್ ಎಂಬ ಹೆಸರನ್ನು ಎಷ್ಟೋ ಕಡೆ ತಲೆಕೆಳಗಾಗಿ ಬರೆದಿದ್ದಾರೆ. ಕೈಗೆ ಹೇಸಿಗೆಯಾದದ್ದು ಕಾಗದದ ಮೇಲೆ ಕಾಣುತ್ತದೆ. ನಿಮ್ಮ ಕಥೆಯಲ್ಲಿ ಶಾನುಭೋಗರ ಹಳೆಯ ಕಡತವೊಂದಿದ್ದರೆ ಇಂಥದೊಂದು ಕುರುಹು ಇಡಬಹುದು, ಹೆಸರನ್ನು ಓದಿಸದೆಯೇ.

ಯಾವ ಪದಗಳನ್ನು ಮುಟ್ಟಬಾರದು? ‘ದೆವ್ವ’ ಸವೆದುಹೋಗಿದೆ, ಜೊತೆಗೆ ಅದು ‘ದೈವ’ದ ತದ್ಭವ. ‘ಭೂತ’ವನ್ನು ಕೇಡಿನ ಅರ್ಥದಲ್ಲಿ ಬಳಸಿದರೆ ತುಳುನಾಡಿನ ಓದುಗರು ಪುಸ್ತಕ ಮುಚ್ಚುತ್ತಾರೆ, ಸರಿಯಾಗಿಯೇ, ಅವರಿಗೆ ಅದು ನ್ಯಾಯ ಕೊಡುವ ಶಕ್ತಿ. ‘ಮಹಾಮಾರಿ’ಯನ್ನು ಕೊರೊನಾ ಕಾಲದ ಸುದ್ದಿವಾಚಕರು ಖರ್ಚು ಮಾಡಿ ಮುಗಿಸಿದರು. ಬೌದ್ಧರ ‘ಮಾರ’ ಅರ್ಥದಿಂದ ಅದ್ಭುತ, ಸಾಯಿಸುವವನು ಎಂದೇ. ಆದರೆ ಕನ್ನಡದಲ್ಲಿ ಅದು ಮನ್ಮಥನೂ ಹೌದು, ಪಕ್ಕದ ಹಳ್ಳಿಯ ಮಾರನೂ ಹೌದು. ‘ಕಲಿ’ಯ ಪಾಡು ಇನ್ನೂ ಕಷ್ಟ: ಶೂರ ಎಂಬ ಅರ್ಥ ಒಂದು ಕಡೆ, ‘ಪಾಠ ಕಲಿ’ ಇನ್ನೊಂದು ಕಡೆ. ‘ಕಲಿ ಬಂದ’ ಎಂಬ ವಾಕ್ಯ ಓದಿ ವೀರಗಲ್ಲು ನೆನಪಾದರೆ ತಪ್ಪು ಓದುಗರದ್ದಲ್ಲ.

ಹೆಸರನ್ನು ಹೊಸದಾಗಿಯೇ ಸೃಷ್ಟಿಸುವ ಆಸೆಯಿದ್ದರೆ ನಾದ ನೋಡಿ. ಖ, ಘ, ಭಗಳನ್ನು ತುರುಕಿದರೆ ಕಾಗದದ ಮೇಲೆ ಗುಡುಗುತ್ತದೆ, ಬಾಯಲ್ಲಿ ಮಹಾಪ್ರಾಣ ಉದುರಿ ‘ಗೋರಬಾಂಡ’ ಆಗುತ್ತದೆ. ಒಂದು ಅಪರೂಪದ ಉಪಾಯವಿದೆ. ಹಳಗನ್ನಡದ ೞ ಅಕ್ಷರ ನಮ್ಮ ನಾಲಗೆಯಿಂದ ಹೋಗಿ ಶತಮಾನಗಳಾದವು. ಹೋಗುವಾಗ ಕೆಲವೆಡೆ ಳ ಆಯಿತು, ಬಾೞ್ ಎಂಬುದು ಬಾಳ್ ಆದ ಹಾಗೆ. ಕೆಲವೆಡೆ ರ ಆಗಿ ಆಮೇಲೆ ಅದೂ ಕರಗಿತು, ಗೞ್ದೆ ಎಂಬುದು ಗರ್ದೆಯಾಗಿ ಗದ್ದೆಯಾದ ಹಾಗೆ. ಶಾಸನದ ಕಲ್ಲಿನಲ್ಲಿ ೞ ಇರುವ ಹೆಸರು, ಊರಿನ ಬಾಯಲ್ಲಿ ಎರಡು ಬೇರೆ ಬೇರೆ ತಪ್ಪು ಉಚ್ಚಾರ, ಸರಿಯಾಗಿ ಹೇಳಬಲ್ಲವರು ಯಾರೂ ಉಳಿದಿಲ್ಲ. ಆ ಅಕ್ಷರಕ್ಕೆ ಯೂನಿಕೋಡ್ ಪಟ್ಟಿಯಲ್ಲೂ ತಪ್ಪಾಗಿ ‘ಫ’ ಎಂಬ ಹೆಸರು ದಾಖಲಾಗಿದೆ, ಕಥೆಗೆ ಬೇಕಿದ್ದರೆ ಬಳಸಿಕೊಳ್ಳಿ. ಕೆಲವು ಫಾಂಟ್‌ಗಳಲ್ಲಿ ೞ ಚೌಕವಾಗಿ ಕಾಣುವುದರಿಂದ ಅಚ್ಚಿಗೆ ಹೋಗುವ ಮೊದಲು ಪುಟವಿನ್ಯಾಸದವರಿಗೆ ಹೇಳುವುದು ಮರೆಯಬೇಡಿ.

ನಿಮ್ಮ ಊರಿಗೆ ನನ್ನ ಸಲಹೆ ಇಷ್ಟು ಜಾಣತನದ್ದಲ್ಲ. ‘ಕೆಳಗಿನವರು’. ಲಿಂಗವಿಲ್ಲ, ಎಷ್ಟು ಜನ ಎಂಬ ಲೆಕ್ಕವಿಲ್ಲ, ಗೌರವವಿದೆ, ನೀರಿನಡಿಯ ಜಾಗವೂ ಬಂತು. ಮಲೆನಾಡಿನಲ್ಲಿ ಮೇಲಿನಮನೆ, ಕೆಳಗಿನಮನೆ ಎಂಬ ಹೆಸರುಗಳು ದಿನಬಳಕೆಯವು. ಹೊಸದಾಗಿ ಬಂದ ಸೊಸೆ ‘ಕೆಳಗಿನವರು ಬಂದಿದ್ರಾ?’ ಎಂಬ ಮಾತು ಕೇಳಿ ನೆರೆಮನೆಯವರೆಂದು ತಿಳಿದು, ‘ಬಂದಿದ್ರು, ಕಾಫಿ ಕೊಟ್ಟೆ’ ಅನ್ನಲಿ. ಅಡುಗೆಮನೆಯಲ್ಲಿ ಎಲ್ಲರ ಕೈ ನಿಲ್ಲಲಿ. ಬಂದವರು ನೆರೆಯವರೇ ಆಗಿದ್ದರೋ ಇಲ್ಲವೋ ನೀವು ಹೇಳಬೇಡಿ.

ಹೆಸರನ್ನು ಪರೀಕ್ಷಿಸುವುದು ಸುಲಭ. ಏಳು ವಿಭಕ್ತಿ ಹಚ್ಚಿ ಬರೆಯಿರಿ, ಎಲ್ಲಿ ನಗು ಬರುತ್ತದೆ ನೋಡಿ. ಕಥೆ ಗೊತ್ತಿಲ್ಲದವರ ಕೈಗೆ ಒಂದು ಪುಟ ಕೊಟ್ಟು ಜೋರಾಗಿ ಓದಿಸಿ. ಹೆಸರಿನ ಹತ್ತಿರ ಅವರು ಸ್ವರ ಏರಿಸಿದರೆ ಹೆಸರು ನಾಟಕದ್ದು, ಇಳಿಸಿದರೆ ಉಳಿಸಿಕೊಳ್ಳಿ. ಕನ್ನಡ ಲಿಪಿಯಲ್ಲೇ ಅಂತರ್ಜಾಲದಲ್ಲಿ ಹುಡುಕಿ, ಯಾರದೋ ಮನೆತನದ ಹೆಸರೋ ಕುಲದೇವರೋ ಆಗಿದ್ದರೆ ಕೈಬಿಡಿ. ಎಂಬತ್ತು ಸಾವಿರ ಪದಗಳ ಕಾದಂಬರಿಯಲ್ಲಿ ಮೊದಲ ಹತ್ತು ಸಾವಿರ ಪದ ಹೆಸರೇ ಬೇಡ, ಬರಿಯ ತಪ್ಪಿಸಿಕೊಳ್ಳುವ ಮಾತುಗಳಿರಲಿ. ಆಮೇಲೂ ಅಧ್ಯಾಯಕ್ಕೆ ಎರಡು ಸಲಕ್ಕಿಂತ ಹೆಚ್ಚು ಬಂದರೆ ಸವೆಯುತ್ತದೆ.

ಕೊನೆಗೆ ತೋರಿಸಬೇಕೇ? ಬೇಡ. ಆದರೆ ಒಂದು ಅಂಗುಲ ಕೊಡಿ. ಟೋಲ್ಕಿನ್ 1954–55ರಲ್ಲಿ ಮೂರು ಸಂಪುಟಗಳಾಗಿ ಪ್ರಕಟಿಸಿದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕಥಾನಕದಲ್ಲಿ ಪರಮ ದುಷ್ಟನಾದ ಸೌರಾನ್ ಎಲ್ಲೂ ನೇರವಾಗಿ ಎದುರಿಗೆ ಬರುವುದಿಲ್ಲ. ಹೆಸರಿನ ಅರ್ಥ ‘ಹೇಸಿಗೆಗೆ ಪಾತ್ರನಾದವನು’, ವೈರಿಗಳು ಇಟ್ಟದ್ದು. ತನ್ನವರು ಅದನ್ನು ಉಚ್ಚರಿಸಲು ಅವನು ಬಿಡುವುದಿಲ್ಲ. ಅವನ ಮೈಯ ಬಗ್ಗೆ ಒಂದು ಕಡೆ ಗೊಲ್ಲಮ್ ಎಂಬ ಪಾತ್ರ ಹೇಳುವ ವಿವರವೊಂದಿದೆ: ಆ ಕಪ್ಪು ಕೈಯಲ್ಲಿ ನಾಲ್ಕೇ ಬೆರಳು. ಇಲ್ಲದ್ದು, ಕಥೆಯ ಕೇಂದ್ರವಾದ ಉಂಗುರದ ಜೊತೆ ಕತ್ತರಿಸಿಹೋದ ಬೆರಳು. ಸಾವಿರ ಪುಟದ ಕೃತಿಗೆ ಇಲ್ಲದ ಆ ಒಂದು ಬೆರಳೇ ಸಾಕಾಯಿತು, ಯಾಕೆಂದರೆ ಅದು ಕಥೆಯ ಮೂಲ ಗಾಯಕ್ಕೆ ಸೇರಿದ್ದು, ಅಲಂಕಾರಕ್ಕಲ್ಲ. ನಿಮ್ಮ ಕೆಳಗಿನವರಿಗೂ ಅಂಥದೊಂದು ಇರಲಿ. ಕಾಣೆಯಾದವರ ಮನೆಯ ಜಗುಲಿಯ ಮೇಲೆ ಒದ್ದೆ ಹೆಜ್ಜೆಗಳು, ಎಲ್ಲವೂ ಒಳಗಿನಿಂದ ಹೊರಕ್ಕೆ ಹೋದವು, ಒಳಕ್ಕೆ ಬಂದದ್ದು ಒಂದೂ ಇಲ್ಲ.

‘ಮಹಾತಿಮಿರ’ವನ್ನು ಪೂರ್ತಿ ಎಸೆಯಬೇಡಿ. ಊರಿಗೆ ಶಾಂತಿ ಮಾಡಿಸಲು ಪೇಟೆಯಿಂದ ಕಾರಿನಲ್ಲಿ ಬರುವ ಟಿವಿ ಜ್ಯೋತಿಷಿಯೊಬ್ಬನ ಬಾಯಿಗೆ ಕೊಡಿ. ಅವನು ಮೈಕಿನಲ್ಲಿ ಆ ಹೆಸರನ್ನು ಮೂರು ಸಲ ಕೂಗಲಿ. ಸುತ್ತ ನಿಂತ ಊರಿನವರು ಅವನತ್ತ ನೋಡದೆ ನೀರಿನ ಕಡೆ ನೋಡುತ್ತಿರಲಿ.